ವಿಶ್ವ ಆರೋಗ್ಯ ಸಂಸ್ಥೆ ಇರುವಾಗ ಬೇರೆಬೇರೆ ದೇಶಗಳ ಸಾರ್ವಜನಿಕ ಆರೋಗ್ಯ ಸಂಸ್ಥೆಗಳು ಪರಸ್ಪರ ಕೈಜೋಡಿಸುವುದೇಕೆ?

ಏಕೆಂದರೆ ರೋಗಾಣುವಿನ ಮಾದರಿ, ಪರೀಕ್ಷಿಸುವ ಪ್ರಯೋಗಾಲಯ, ಪಳಗಿದ ಜನ ಎಲ್ಲವೂ ಇರುವುದು ಆಯಾ ದೇಶದ ಸಂಸ್ಥೆಗಳಲ್ಲೇ, ಜಿನೀವಾದ ಕೇಂದ್ರ ಕಚೇರಿಯಲ್ಲಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ಕೊಡುತ್ತದೆ, ಎಲ್ಲರನ್ನೂ ಒಟ್ಟುಗೂಡಿಸುತ್ತದೆ; ಪ್ರಯೋಗಾಲಯದ ಕೆಲಸಕ್ಕೆ ಅದೂ ಬಹುಪಾಲು ಇವರನ್ನೇ ನೆಚ್ಚಿಕೊಂಡಿದೆ.

ಫ್ಲೂ ಲಸಿಕೆಯನ್ನೇ ನೋಡಿ. ವೈರಸ್ ಸದಾ ರೂಪ ಬದಲಿಸುವುದರಿಂದ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ವರ್ಷಕ್ಕೆ ಎರಡು ಬಾರಿ ತೀರ್ಮಾನಿಸಬೇಕು. ಒಂದೇ ದೇಶದ ಮಾದರಿಗಳಿಂದ ಅದು ಆಗದ ಮಾತು. ಅದಕ್ಕಾಗಿ 1952ರಲ್ಲಿ ಶುರುವಾದ ಜಾಲವೊಂದಿದೆ: ನೂರಕ್ಕೂ ಹೆಚ್ಚು ದೇಶಗಳ ಪ್ರಯೋಗಾಲಯಗಳು ಲಂಡನ್, ಮೆಲ್ಬರ್ನ್, ಬೀಜಿಂಗ್‌ನಂಥ ಕೇಂದ್ರಗಳಿಗೆ ಮಾದರಿ ಕಳಿಸುತ್ತವೆ.

ಆದರೆ ಕೊಟ್ಟವರಿಗೆ ಏನೂ ಸಿಗದಿದ್ದರೆ ಇದು ನಿಂತುಹೋಗುತ್ತದೆ. 2007ರಲ್ಲಿ ಇಂಡೋನೇಷ್ಯಾ ಹಕ್ಕಿಜ್ವರದ ಮಾದರಿ ಕೊಡುವುದನ್ನೇ ನಿಲ್ಲಿಸಿತ್ತು. ನಮ್ಮ ಮಾದರಿಯಿಂದ ಲಸಿಕೆ ತಯಾರಿಸಿ ನಮ್ಮ ಕೈಗೆಟುಕದ ಬೆಲೆಗೆ ಮಾರುತ್ತಾರೆ ಎಂಬುದು ಅದರ ದೂರು. ನನ್ನ ಪ್ರಕಾರ ನ್ಯಾಯವಾದದ್ದೇ. ಕೊನೆಗೆ 2011ರಲ್ಲಿ, ಮಾದರಿಗಳಿಂದ ಲಾಭ ಪಡೆಯುವ ಕಂಪನಿಗಳು ಹಣ, ಲಸಿಕೆಗಳಲ್ಲಿ ಪಾಲು ಕೊಡುವ ವ್ಯವಸ್ಥೆಯೊಂದಕ್ಕೆ ದೇಶಗಳು ಒಪ್ಪಿದವು.

ಸಂಸ್ಥೆಗಳ ನಡುವಿನ ಒಪ್ಪಂದಗಳಲ್ಲೂ ಇದೇ ಕೊಡುಕೊಳ್ಳುವಿಕೆ ಇರುತ್ತದೆ: ಒಬ್ಬರು ಮಾದರಿ, ಮಾಹಿತಿ ಕೊಟ್ಟರೆ ಇನ್ನೊಬ್ಬರು ತರಬೇತಿ, ಉಪಕರಣ ಕೊಡುತ್ತಾರೆ. ಇಂಥ ಸಂಸ್ಥೆಗಳದ್ದೇ ಅಂತರರಾಷ್ಟ್ರೀಯ ಒಕ್ಕೂಟವೂ 2006ರಿಂದ ಇದೆ, ಹೆಸರು ಐಯಾನ್ಫಿ.