ಬೇಸಿಗೆ ಬಂತೆಂದರೆ ಬರವಣಿಗೆ ನಿಂತುಹೋಗುತ್ತದೆ, ಏನು ಮಾಡಲಿ?

ಮಾರ್ಚ್ ಕಳೆದ ಮೇಲೆ ಒಂದು ಪುಟವೂ ಮುಂದೆ ಸಾಗುತ್ತಿಲ್ಲ, ಬಯಲುಸೀಮೆಯಲ್ಲಿರುವ ಬರಹಗಾರರು ಈ ಬಿಸಿಲಿನಲ್ಲಿ ದಿನವನ್ನು ಹೇಗೆ ತೂಗಿಸುತ್ತೀರಿ, ಎಸಿ ಹಾಕಿಸಿದರೆ ಅನುಕೂಲವೇ ಎಂದು ಕೇಳಿದ್ದೀರಿ. ನನ್ನ ಊರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ. ಕಥೆ ಬರೆಯುತ್ತೇನೆ, ಪತ್ರಿಕೆಗಳಿಗೆ ಲೇಖನ ಬರೆಯುತ್ತೇನೆ. ಬೇಸಿಗೆಯಲ್ಲಿ ಬರೆಯುವುದನ್ನು ಕಡಿಮೆ ಮಾಡುವುದಿಲ್ಲ. ಯಾವ ಹೊತ್ತಿಗೆ ಯಾವ ಕೆಲಸ ಎಂಬುದನ್ನು ಬದಲಾಯಿಸಿಕೊಳ್ಳುತ್ತೇನೆ, ಅಷ್ಟೇ.

ನಮ್ಮದು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಸೀಮೆ. ಕರಾವಳಿಯ ಹಾಗೆ ಮೈಗಂಟುವ ಸೆಕೆಯಲ್ಲ, ಒಣ ಬಿಸಿಲು. ಹಗಲೆಲ್ಲ ನೆಲ ಕಾದರೂ ನಸುಕಿನಲ್ಲಿ ಗಾಳಿ ತಣ್ಣಗಿರುತ್ತದೆ. ಆ ತಂಪನ್ನು ನಿದ್ದೆಗೆ ಕೊಡಬಾರದು ಎಂಬುದು ನನ್ನ ಹಟ. ನಾಲ್ಕೂವರೆಗೆ ಏಳುತ್ತೇನೆ. ಹೊಸದಾಗಿ ಬರೆಯಬೇಕಾದುದನ್ನೆಲ್ಲ ಎಂಟು ಗಂಟೆಯೊಳಗೆ ಬರೆಯುತ್ತೇನೆ.

ಒಂದು ತೊಡಕಿದೆ. ನಮ್ಮ ಬೀದಿಗೆ ನಲ್ಲಿ ನೀರು ಬರುವುದೂ ಅದೇ ಹೊತ್ತಿಗೆ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿಯುತ್ತಿದೆ, ಆದರೆ ಅದು ಅಂತರ್ಜಲ ತುಂಬಲೆಂದು ಬಿಡುವ ನೀರು, ಮನೆಯ ನಲ್ಲಿಗಲ್ಲ. ಹಾಗಾಗಿ ಬಂದ ದಿನ ಬಿಂದಿಗೆಯಿಂದ ಡ್ರಮ್ಮಿನವರೆಗೆ ಎಲ್ಲವನ್ನೂ ತುಂಬಿಕೊಳ್ಳಲೇಬೇಕು. ನಲ್ಲಿ ಮೊದಲು ಬುಸುಗುಟ್ಟಿ ಗಾಳಿ ಬಿಡುತ್ತದೆ, ಆಮೇಲೆ ಕೆಂಪು ನೀರು, ಆಮೇಲೆ ತಿಳಿ. ನಾನು ಡ್ರಮ್ಮಿನ ಪಕ್ಕದ ಮೆಟ್ಟಿಲ ಮೇಲೆ ಪ್ಯಾಡ್ ಹಿಡಿದು ಕೂರುತ್ತೇನೆ. ಡ್ರಮ್ಮು ತುಂಬುತ್ತ ಬಂದಂತೆ ನೀರಿನ ಸದ್ದು ಮೇಲಿನ ಸ್ವರಕ್ಕೆ ಏರುತ್ತದೆ. ತಲೆಯೆತ್ತದೆಯೇ ಪೈಪನ್ನು ಯಾವಾಗ ಬದಲಾಯಿಸಬೇಕೆಂದು ತಿಳಿದುಬಿಡುತ್ತದೆ. ಅಕ್ಕಪಕ್ಕದವರು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಆಡುವ ಮಾತು ಕಿವಿಗೆ ಬೀಳುತ್ತಿರುತ್ತದೆ. ನನ್ನ ಕಥೆಗಳ ಸಂಭಾಷಣೆಗಳು ಅಲ್ಲಿ ಕೂತು ಬರೆದಾಗಲೇ ಚೆನ್ನಾಗಿ ಬಂದಿವೆ ಎಂದು ನಂಬಿದ್ದೇನೆ. ನಿಮ್ಮಲ್ಲಿಯೂ ಬೆಳಗ್ಗೆ ಮನೆಗೆಲಸ ಅಡ್ಡ ಬರುತ್ತಿದ್ದರೆ, ಅದರ ಪಕ್ಕದಲ್ಲಿಯೇ ಜಾಗ ಮಾಡಿಕೊಳ್ಳಿ.

ಹನ್ನೊಂದರಿಂದ ನಾಲ್ಕರವರೆಗೆ ತಲೆಗೆ ಭಾರ ಹೊರಿಸುವುದಿಲ್ಲ. ಬೆಳಗಿನ ಕೈಬರಹವನ್ನು ಟೈಪ್ ಮಾಡುವುದು, ಲೇಖನದ ಹೆಸರು, ಇಸವಿಗಳನ್ನು ಸರಿನೋಡುವುದು, ಸಂಪಾದಕರಿಗೆ ಉತ್ತರ ಬರೆಯುವುದು, ಇಂಥ ಕೆಲಸಗಳು. ಬಿಸಿಲೇರಿದಾಗ ತಿದ್ದಲು ಮಾತ್ರ ಕೂರಬೇಡಿ. ಸಹನೆ ಇಲ್ಲದ ಹೊತ್ತಿನಲ್ಲಿ ಒಳ್ಳೆಯ ಸಾಲಿನ ಮೇಲೂ ಗೀಟು ಬೀಳುತ್ತದೆ. ಮಣಿಕಟ್ಟಿನ ಬೆವರಿಗೆ ಹಾಳೆ ಒದ್ದೆಯಾಗದಂತೆ ಕೈ ಕೆಳಗೆ ಮಡಿಸಿದ ಟವೆಲ್ ಇಟ್ಟುಕೊಳ್ಳಿ. ಊಟ ಹಗುರವಾಗಿರಲಿ: ರಾಗಿ ಅಂಬಲಿಗೆ ಮಜ್ಜಿಗೆ, ಹೆಚ್ಚಿದ ಈರುಳ್ಳಿ, ಒಂದು ಹಸಿಮೆಣಸಿನಕಾಯಿ. ಕುಡಿಯುವ ನೀರಿಗೆ ಮಣ್ಣಿನ ಮಡಕೆಯೇ ಸಾಕು. ಅದರ ಮೈಯಿಂದ ಜಿನುಗುವ ನೀರು ಆವಿಯಾಗುತ್ತಲೇ ಒಳಗಿನ ನೀರು ತಣ್ಣಗಾಗುತ್ತದೆ. ನಮ್ಮಂಥ ಒಣ ಹವೆಯಲ್ಲಿ ಅದು ಇನ್ನೂ ಚೆನ್ನಾಗಿ ನಡೆಯುತ್ತದೆ. ಮೂಲೆಯಲ್ಲಿ ಮುಚ್ಚಿಡದೆ ಗಾಳಿಯಾಡುವ ಕಡೆ ಇಡಬೇಕು.

ಸಂಜೆ ಹೊರಗೆ ಹೋಗುತ್ತೇನೆ. ಮೇ ತಿಂಗಳಲ್ಲಿ ಇಲ್ಲಿ ಮಾವಿನ ಸುಗ್ಗಿ. ಮಂಡಿಗಳ ಮುಂದೆ ತೋತಾಪುರಿಯ ರಾಶಿ, ಬಾದಾಮಿ ಮಾವಿನ ಕ್ರೇಟುಗಳು, ಒಣಹುಲ್ಲಿನ ಜೊತೆ ಕಲೆತ ಹಣ್ಣಿನ ವಾಸನೆ. ತೋತಾಪುರಿ ತಿರುಳಿನ ಕಾರ್ಖಾನೆಗಳಿಗೂ ಹೋಗುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ, ನಿಜ. ಆದರೆ ಅದು ಬಿರುಗಾಳಿ, ಆಲಿಕಲ್ಲಿನೊಡನೆ ಬಂದರೆ ತೋಟದವರ ವರ್ಷದ ಅನ್ನ ಒಂದೇ ರಾತ್ರಿಯಲ್ಲಿ ನೆಲಕ್ಕೆ ಉದುರುತ್ತದೆ. ನನಗೆ ತಂಪಾಗಲಿ ಎಂದು ಮಳೆಯನ್ನು ಕರೆಯಲು ಇಲ್ಲಿ ಮನಸ್ಸಾಗುವುದಿಲ್ಲ. ಬೇಸಿಗೆ ಮುಗಿಯಲಿ, ಆಮೇಲೆ ಬರೆಯೋಣ ಎನ್ನುವುದನ್ನು ಬಿಟ್ಟದ್ದು ಆ ತೋಟದವರನ್ನು ನೋಡಿಯೇ. ವರ್ಷದಲ್ಲಿ ಅವರಿಗೆ ಹೆಚ್ಚು ದುಡಿಮೆ ಈ ಬಿಸಿಲಿನಲ್ಲಿಯೇ.

ಇನ್ನು ಎಸಿ. ನಿಮ್ಮದು ಆರ್‌ಸಿಸಿ ಮನೆ, ಮೇಲಿನ ಮಹಡಿ ಎಂದಿದ್ದೀರಿ. ಹಗಲಿಡೀ ಕಾದ ಕಾಂಕ್ರೀಟು ರಾತ್ರಿ ಹತ್ತಾದರೂ ಕೋಣೆಯೊಳಕ್ಕೆ ಕಾವು ಬಿಡುತ್ತಲೇ ಇರುತ್ತದೆ. ರಾತ್ರಿ ನಿದ್ದೆ ಕೆಟ್ಟರೆ ನಾಲ್ಕೂವರೆಗೆ ಏಳುವ ಮಾತೇ ಇಲ್ಲ. ಮೊದಲು ಚಾವಣಿಯನ್ನು ಗುಡಿಸಿ ತೊಳೆದು ಬಿಳಿ ಸುಣ್ಣವನ್ನೋ, ಬಿಸಿಲು ತಡೆಯುವ ಬಿಳಿ ಬಣ್ಣವನ್ನೋ ಎರಡು ಸಲ ಬಳಿಸಿ. ಪಡುವಣ ಕಿಟಕಿಗೆ ಹೊರಗಿನಿಂದ ಚಾಪೆ ಇಳಿಬಿಡಿ; ಒಳಗೆ ಪರದೆ ಹಾಕಿದರೆ ಕಾವು ಆಗಲೇ ಗಾಜು ದಾಟಿ ಬಂದಿರುತ್ತದೆ. ಇಷ್ಟು ಮಾಡಿ ಒಂದು ವಾರ ಮಲಗಿ ನೋಡಿ. ಎಸಿ ಬೇಕೋ ಬೇಡವೋ ಎಂದು ಆಮೇಲೆ ತೀರ್ಮಾನಿಸಿ.