ಜಿಪ್ಪು ಬೇಡ ಅಕ್ಕಾ, ಲಾಡಿ ಸಾಕು

ಪತ್ರ: “ನಿಮ್ಮ ಹೊಲಿಗೆ ಪುಟ ನೋಡಿ ನೇಲ್ ಕಟರ್, ಚಿಮಟ, ಸಣ್ಣ ಕತ್ತರಿ, ಬಾಚಣಿಗೆ ಇಡುವ ಸುರುಳಿ ಚೀಲ ಹೊಲಿದೆ. ಸುತ್ತಿ ಎತ್ತಿದರೆ ಎಲ್ಲ ಜಾರಿ ಬೀಳುತ್ತವೆ. ಒಮ್ಮೆ ತೊಳೆದ ಮೇಲೆ ಕತ್ತರಿ ಜೇಬಿನೊಳಗೆ ಹೋಗುವುದೇ ಇಲ್ಲ. ಮಳೆಗಾಲದಲ್ಲಿ ಚಿಮಟಕ್ಕೆ ತುಕ್ಕು ಬೇರೆ. ಸುತ್ತ ಜಿಪ್ ಹಾಕಿದರೆ ಆಗದೇ? ಅಥವಾ ಪೇಟೆಯ ಪೌಚೇ ವಾಸಿಯೇ?”
– ಓದುಗರೊಬ್ಬರು, ಕುಮಟಾ

ಉತ್ತರ: ಅಕ್ಕಾ, ಮೊದಲು ನಿಮಗೊಂದು ಶಹಭಾಸ್. ಹೊಲಿಗೆ ಪುಟ ಓದಿ “ಚೆನ್ನಾಗಿದೆ” ಅಂದು ಮಡಚಿಡುವವರು ಬೇಕಾದಷ್ಟು ಜನ. ನೀವು ಮಷಿನ್ ಮೇಲಿನ ಮುಸುಕು ತೆಗೆದು ಕೂತಿರಿ. ಆದರೆ ಜಿಪ್ಪಿನ ಮಾತು ಎತ್ತಿದಿರಿ ನೋಡಿ, ಅಲ್ಲಿಗೆ ನನ್ನ ತಲೆ ಬಿಸಿಯಾಯಿತು.

ಜಿಪ್ಪಿಗೂ ಒಂದು ಗುಣ ಇದೆ, ಒಪ್ಪುತ್ತೇನೆ. ರಾತ್ರಿ ಬಸ್ಸು ಘಟ್ಟ ಹತ್ತುವಾಗ ಬ್ಯಾಗು ಎಷ್ಟು ಉರುಳಿದರೂ ಒಳಗಿನದು ಒಳಗೇ ಇರುತ್ತದೆ. ಈಗಿನ ರೂಪದ ಜಿಪ್ಪಿಗೆ ಗಿಡಿಯನ್ ಸಂಡ್‌ಬ್ಯಾಕ್ ಎಂಬ ಇಂಜಿನಿಯರ್ 1917ರಲ್ಲಿ ಅಮೆರಿಕದ ಪೇಟೆಂಟ್ ಪಡೆದ. ಬುದ್ಧಿವಂತನೇ ಸರಿ. ಆದರೆ ಕಾರವಾರದಲ್ಲಿ ಒಂದು ಆಷಾಢ ಕಳೆದಿದ್ದರೆ ಅವನೂ ಲಾಡಿಯನ್ನೇ ಕಟ್ಟುತ್ತಿದ್ದ! ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಮಳೆ, ಅದರ ಮೇಲೆ ಉಪ್ಪುಗಾಳಿ. ಲೋಹದ ಜಿಪ್ಪು ಹಸಿರುಗಟ್ಟಿ ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ಕಿನದು ಅಂದರೆ ಎಳೆಯುವ ಗುಂಡಿ ಸಡಿಲಾಗಿ ಹಲ್ಲು ಹಿಂದಿನಿಂದ ಬಾಯಿ ಬಿಡುತ್ತದೆ.

ನನಗೂ ಆಗಿದೆ. ಒಂದು ಮದುವೆಗೆ ಹೊರಟವನು ಶೇವಿಂಗ್ ಸಾಮಾನಿಗೆ ಅಂತ ಜಿಪ್ಪಿನ ಪೌಚು ಕೊಂಡಿದ್ದೆ. ಮುಹೂರ್ತದ ಬೆಳಿಗ್ಗೆ ಜಿಪ್ಪು ಅರ್ಧಕ್ಕೆ ನಿಂತಿತು. ಮೇಣದಬತ್ತಿ ಉಜ್ಜಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ, ಕೊನೆಗೆ ಬ್ಲೇಡಿನಿಂದ ಕೊಯ್ಯೋಣ ಅಂದರೆ ಬ್ಲೇಡು ಪೌಚಿನೊಳಗೇ ಇತ್ತು. ಗಡ್ಡ ಬಿಟ್ಟುಕೊಂಡೇ ಊಟಕ್ಕೆ ಕೂತೆ. ವಾಪಸು ಬಂದು ರಿಪೇರಿಗೆ ಕೊಟ್ಟರೆ ಟೇಲರ್ ಹೇಳಿದ್ದು, “ಇದಕ್ಕೆಲ್ಲ ಯಾರು ಕೂತ್ಕೋತಾರೆ ಸಾರ್, ಹೊಸದೇ ತಗೊಳ್ಳಿ.”

ನಮ್ಮ ಅಜ್ಜಿಯ ಕವಳದ ಸಂಚಿಗೆ ಜಿಪ್ಪು ಎಲ್ಲಿತ್ತು? ಎಲೆಗೆ ಒಂದು ಕಿಸೆ, ಅಡಿಕೆಗೆ ಒಂದು, ಸುಣ್ಣದ ಡಬ್ಬಿಗೆ ಒಂದು, ಅಡಿಕೆ ಕತ್ತರಿಗೆ ಇನ್ನೊಂದು. ಮಡಚಿ ದಾರ ಸುತ್ತಿದರೆ ಸೊಂಟದಲ್ಲಿ ಭದ್ರ. ಶಿರಸಿ ಕಡೆಯ ಹಳೇ ಮನೆಗಳಲ್ಲಿ ಈಗಲೂ ಗೂಟದಲ್ಲಿ ನೇತಾಡುವುದು ಕಾಣಬಹುದು. ಕ್ಷೌರದ ಸಾಮಾನಿನ ಚೀಲಕ್ಕೆ ‘ಹಡಪ’ ಅನ್ನುವ ಒಳ್ಳೇ ಕನ್ನಡ ಪದವೇ ಇದೆ, ಎಲೆ ಅಡಿಕೆಯ ಚೀಲಕ್ಕೂ ಅದೇ ಪದ. ನೀವು ಹೊಲಿದದ್ದು ಹಡಪ ಅಕ್ಕಾ. ಅದಕ್ಕೆ ‘ಆರ್ಗನೈಸರ್’ ಅಂತ ಹೆಸರಿಟ್ಟು ನಮಗೇ ಮಾರುತ್ತಾರೆ, ನಾವು ಕೊಳ್ಳುತ್ತೇವೆ.

ಸರಿ, ನಿಮ್ಮ ತೊಂದರೆಗೆ ಬರುತ್ತೇನೆ. ಜಾರುವುದು ಮೇಲ್ಮುಚ್ಚುಗೆ ಇಲ್ಲದ್ದಕ್ಕೆ. ಜೇಬಿನ ಸಾಲಿನ ಮೇಲೆ 3 ಇಂಚು ಬಟ್ಟೆ ಜಾಸ್ತಿ ಬಿಡಿ. ಸಾಮಾನು ಇಟ್ಟಾದ ಮೇಲೆ ಅದನ್ನು ಕೆಳಗೆ ಮಡಚಿ, ಆಮೇಲೆ ಸುತ್ತಿ. ಜೇಬಿನ ಆಳ ಸಾಮಾನಿನ ಉದ್ದದ ಮೂರರಲ್ಲಿ ಎರಡು ಪಾಲು ಇರಲಿ. ಚಿಮಟದಂಥ ಗಿಡ್ಡ ಸಾಮಾನಿಗೆ ಜೇಬಿನ ತಳದಲ್ಲಿ ಒಂದು ಅಡ್ಡ ಹೊಲಿಗೆ ಹಾಕಿ ತಳವನ್ನೇ ಮೇಲಕ್ಕೆ ತನ್ನಿ, ಇಲ್ಲದಿದ್ದರೆ ಅದು ಒಳಗೆ ಮುಳುಗಿ ಹೋಗುತ್ತದೆ. ಅಗಲವನ್ನು ಕಣ್ಣಂದಾಜಿನಲ್ಲಿ ಹಿಡಿಯಬೇಡಿ. ನೇಲ್ ಕಟರ್ ದಪ್ಪ ಇರುತ್ತದೆ. ಟೇಪನ್ನು ಅದರ ಸುತ್ತ ಒಂದು ಸುತ್ತು ಹಾಕಿ, ಬಂದದ್ದರಲ್ಲಿ ಅರ್ಧ ಮಾಡಿ ಕಾಲು ಇಂಚು ಸೇರಿಸಿ. ಸುತ್ತಳತೆ 3 ಇಂಚು ಬಂದರೆ ಜೇಬು ಒಂದೂಮುಕ್ಕಾಲು ಇಂಚು. ಕತ್ತರಿಯ ಚೂಪು ತಾಗುವ ತಳಕ್ಕೆ ಹಳೇ ಜೀನ್ಸಿನ ತುಂಡು ಕೊಡಿ, ಆ ದಪ್ಪಕ್ಕೆ ಮಷಿನ್‌ಗೆ 16ನೇ ನಂಬರ್ ಸೂಜಿ ಹಾಕಿ.

ಜೇಬು ಬಿಗಿಯಾದದ್ದು ಮಾತ್ರ ನಿಮ್ಮದೇ ತಪ್ಪು, ಬೈಸಿಕೊಳ್ಳಿ. ಹೊಸ ಕಾಟನ್ ಕತ್ತರಿಸುವ ಮುಂಚೆ ನೀರಲ್ಲಿ ನೆನೆಸಿ ಒಣಗಿಸಬೇಕು, ಅದು ಕುಗ್ಗುತ್ತದೆ. ಹಳೇ ಪಂಚೆ, ಹಳೇ ಸೀರೆ ಆದರೆ ಈ ಗೋಳಿಲ್ಲ, ನೂರು ಸಲ ಒಗೆಸಿಕೊಂಡು ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿರುತ್ತದೆ. ತುಕ್ಕಿಗೆ ಚೀಲವನ್ನು ಬೈಯಬೇಡಿ. ಸ್ನಾನ ಮುಗಿಸಿ ಒದ್ದೆ ಚಿಮಟ ಹಾಗೇ ಸಿಕ್ಕಿಸಿದರೆ ಬಟ್ಟೆ ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಜಿಪ್ಪು ಹಾಕಿ ಗಾಳಿಯನ್ನೂ ತಡೆದರೆ ಇನ್ನೂ ಬೇಗ. ಒರೆಸಿ, ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ ಇಡಿ. ಬಿಸಿಲು ಬಿದ್ದ ದಿನ ಸುರುಳಿ ಪೂರ್ತಿ ಬಿಚ್ಚಿ ಹಗ್ಗಕ್ಕೆ ಹಾಕಿ. ಬಿಚ್ಚಿದರೆ ಒಂದೇ ಪದರ, ಬೇಗ ಒಣಗುತ್ತದೆ.

ನನಗೆ ಸಿಟ್ಟು ಬರುವುದು ಪೌಚಿನ ಮೇಲಲ್ಲ, “ಹೊಸದೇ ತಗೊಳ್ಳಿ” ಅನ್ನುವ ಮಾತಿನ ಮೇಲೆ. ನಮ್ಮದೇ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಹೆಂಗಸರು ಹರಿದ ಬಟ್ಟೆಯಿಂದ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ, ಮೂಲೆಗೆ ಬಟ್ಟೆ ಮಡಚಿದ ‘ಫೂಲ’. ಆ ಕೌದಿ ಪರದೇಶದ ಪ್ರದರ್ಶನಕ್ಕೆ ಹೋದರೆ ನಾವು ಕಲೆ ಅನ್ನುತ್ತೇವೆ. ಮನೆಯಲ್ಲಿ ಅಮ್ಮ ತೇಪೆ ಹಾಕಿದರೆ ನಾಚಿಕೆ. ಗಂಡು ಮಕ್ಕಳಿಗಂತೂ ಅಂಗಿ ಗುಂಡಿ ಹಚ್ಚಲೂ ಬಾರದು, ನಿಮ್ಮ ಮನೆಯವರ ಬಗ್ಗೆ ಹೇಳ್ತಿಲ್ಲ, ನನ್ನ ಮಗನ ಬಗ್ಗೆ ಹೇಳ್ತಿರೋದು.

ಹಾಗಾಗಿ ಜಿಪ್ಪಿನ ದುಡ್ಡು ಉಳಿಸಿ. 24 ಇಂಚು ಲಾಡಿಯನ್ನು ನಡುವೆ ಮಡಚಿ, ಆ ಮಡಿಕೆಯನ್ನು ಪಕ್ಕದ ಅಂಚಿನ ಹೊಲಿಗೆಯೊಳಗೆ ಸೇರಿಸಿ ಎರಡು ಸಲ ಹೊಲಿಯಿರಿ. ಲಾಡಿಯನ್ನೂ ಕೊಳ್ಳಬೇಡಿ ಮತ್ತೆ, ಹಳೇ ಲಂಗದ್ದು ಎಳೆದುಕೊಳ್ಳಿ.