ಅಜ್ಜನ ಪೇಪರಲ್ಲಿ ಐಎಂಎಸ್ ಹೋಗಿ ಐಎಎಂಸಿ ಆಗಿದ್ದು ಯಾಕೆ

1942ರಲ್ಲಿ ಐಎಂಎಸ್ (ಇಂಡಿಯನ್ ಮೆಡಿಕಲ್ ಸರ್ವಿಸ್) ಸೇರಿದ ನಿಮ್ಮ ಡಾಕ್ಟರ್ ಅಜ್ಜ 44ರ ಪೇಪರಲ್ಲಿ ಐಎಎಂಸಿ (ಇಂಡಿಯನ್ ಆರ್ಮಿ ಮೆಡಿಕಲ್ ಕೋರ್) ಅಂತ ಯಾಕಿದ್ದಾರೆ ಅಂತ ಕೇಳಿದ್ರಲ್ಲ ಸರ್, ಅವರು ಕೆಲ್ಸ ಬಿಟ್ಟಿರ್ಲಿಲ್ಲ, 1943ರ ಏಪ್ರಿಲ್ 3ಕ್ಕೆ ಐಎಂಎಸ್, ಐಎಂಡಿ (ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟ್), ಇಂಡಿಯನ್ ಹಾಸ್ಪಿಟಲ್ ಕೋರ್ ಸೇರಿಸಿ ಐಎಎಂಸಿ ಅಂತ ಒಂದೇ ಕೋರ್ ಮಾಡಿದ್ರು, ಈಗಿನ ಸೇನೆಯ ಎಎಂಸಿ (ಆರ್ಮಿ ಮೆಡಿಕಲ್ ಕೋರ್) ಅದೇ.

ಎರಡನೇ ಮಹಾಯುದ್ಧದ ಬರ್ಮಾ ಫ್ರಂಟಲ್ಲಿ ಡಾಕ್ಟರಿಗೆ ಬರೀ ಗುಂಡು ತೆಗೆಯೋ ಕೆಲ್ಸ ಅಂದ್ಕೋಬೇಡಿ. ಗಾಯಕ್ಕಿಂತ ಮಲೇರಿಯಾ, ಭೇದಿಗೇ ಜನ ಜಾಸ್ತಿ ಮಲಗ್ತಿದ್ರು, ಮಲೇರಿಯಾ ತಡೆಯೋ ಮೆಪಾಕ್ರಿನ್ ಮಾತ್ರೆ ಎದುರಿಗೇ ನುಂಗಿಸ್ತಿದ್ರು, ಅದಕ್ಕೆ ಮೈಯೆಲ್ಲಾ ಅರಿಶಿನ ಬಳಿದಂಗೆ ಹಳದಿ! ಆಪರೇಷನ್ನಲ್ಲೂ ಸತ್ತ ಮಾಂಸ ಕತ್ತರಿಸಿ ಹಾಕಿ ಗಾಯನ ಹೊಲಿಯದೆ ಹಂಗೇ ಬಿಟ್ಟು, ಕೀವು ಆಗ್ಲಿಲ್ಲ ಅಂದ್ರೆ ನಾಲ್ಕೈದು ದಿನ ಬಿಟ್ಟು ಯುದ್ಧದ ಜಾಗದಿಂದ ಹಿಂದೆ ಇರೋ ಆಸ್ಪತ್ರೆಲಿ ಹೊಲಿಗೆ. ನನ್ನ ಪ್ರಕಾರ ಜೀವ ಉಳಿಸಿದ್ದು ಈ ತಾಳ್ಮೇನೇ.

ಮಡಿಕೇರಿಲಿ ಜನರಲ್ ತಿಮ್ಮಯ್ಯನವ್ರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ, ಅಲ್ಲಿಗೂ ಹೋಗಿ ಬನ್ನಿ, ತಿಮ್ಮಯ್ಯನವ್ರೂ ಅದೇ ಬರ್ಮಾದಲ್ಲಿ ಇದ್ದವ್ರು.